ಸಚಿವೆಗೊಂದು ಫ್ಲೆಕ್ಸು

ಜನವರಿ 14, ಬುಧವಾರ

ಮೈ ಉರೀತಿದೆ. ಹೊರಗೆ ಮೂಳೆ ಕೊರೆಯೋ ಚಳಿ, ನಾನು ಮಾತ್ರ ಒಲೆ ಮೇಲಿನ ಹೆಂಚು.

ವಿದಾದ್ ಮೇಡಂ ಹೊರಟುಹೋಗ್ತಾರಂತೆ. ನನ್ನ ಗೈಡು. ಇಷ್ಟು ದೊಡ್ಡ ಯೂನಿವರ್ಸಿಟಿಯಲ್ಲಿ ನನ್ನ ಥೀಸಿಸ್ ಯಾರ ಕಥೆ ಅಂತ ಅರ್ಥವಾಗೋದು ಅವರೊಬ್ಬರಿಗೇ. ಇವತ್ತು ರೂಮಿನ ಬಾಗಿಲು ಹಾಕಿ, ಕುರ್ಚಿ ಹತ್ತಿರಕ್ಕೆಳೆದುಕೊಂಡು ಅಂದರು: "ಸಯೀದಾ, ನನ್ನನ್ನ ಶಿಕ್ಷಣ ಸಚಿವೆ ಆಗು ಅಂತ ಕೇಳಿದ್ದಾರೆ. ರಾಮಲ್ಲಾದಿಂದ ಫೋನ್ ಬಂದಿತ್ತು."

ಪ್ಯಾಲೆಸ್ಟೀನಿನ ಶಿಕ್ಷಣ ಸಚಿವೆ! ಮುಬಾರಕ್ ಅನ್ನಬೇಕಿತ್ತು. ನನ್ನ ಬಾಯಿಂದ ಬಂದಿದ್ದು, "ಹಾಗಾದ್ರೆ ನನ್ನ ನಾಲ್ಕನೇ ಅಧ್ಯಾಯ?" ಅಂತ. ಅವರು ನಕ್ಕರು. ನಗೋ ವಿಷಯವಾ ಇದು? ಹುಣಸೂರಿನ ಸರ್ಕಾರಿ ಹೈಸ್ಕೂಲಲ್ಲಿ ಹನ್ನೆರಡು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಗಂಡನ ಕೆಲಸದ ಹಿಂದೆ ಈ ದೇಶಕ್ಕೆ ಬಂದು, ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ಅಪಾರ್ಟ್‌ಮೆಂಟಿನ ಅಡುಗೆಮನೆ ಕಿಟಕಿಯಿಂದ ವರ್ಷಗಟ್ಟಲೆ ಸ್ನೋ ನೋಡಿ, ನಲವತ್ಮೂರನೇ ವಯಸ್ಸಿಗೆ ಮತ್ತೆ ಪುಸ್ತಕ ಹಿಡಿದೆ. ಮೂರು ವರ್ಷ ಕಷ್ಟಪಟ್ಟಿದ್ದಾಯ್ತು. ಈಗ ನಡುನೀರಲ್ಲಿ ಕೈಬಿಟ್ಟು ಇವರು ಮಂತ್ರಿಯಾಗೋಕೆ ಹೋಗ್ತಾರಂತೆ.

"ಇನ್ನೂ ಒಪ್ಪಿಲ್ಲ. ಯೋಚಿಸಿ ಹೇಳ್ತೀನಿ ಅಂದಿದ್ದೀನಿ. ಡೀನ್‌ಗೂ ಹೇಳಿಲ್ಲ, ನನ್ನ ತಂಗಿಗೂ ಹೇಳಿಲ್ಲ. ನಿನ್ನ ಥೀಸಿಸ್ ಇದೆಯಲ್ಲ, ಅದಕ್ಕೇ ನಿನಗೆ ಮೊದಲು ಹೇಳಿದೆ. ಇದು ನಿನ್ನ ಹತ್ರಾನೇ ಇರ್ಲಿ" ಅಂದರು.

ನಾನು ಹೈವೇ ಮೇಲೆ ಡ್ರೈವ್ ಮಾಡಲ್ಲ, ಹಾಗಾಗಿ ನನ್ನ ಗಂಡ ಕರೀಂ ಬಾಸ್ಕಿಂಗ್ ರಿಡ್ಜ್‌ನ ಆಫೀಸಿಂದ ಬರ್ತಾ ನನ್ನನ್ನ ಪಿಕಪ್ ಮಾಡ್ತಾರೆ. ಮುಖ ನೋಡಿ ಏನಾಯ್ತು ಅಂದರು. ಹೇಳಿಬಿಟ್ಟೆ. ಯಾರಿಗೂ ಹೇಳಬೇಡಿ ಅಂತ ಹೇಳಿಯೇ ಹೇಳಿದೆ. "ಅರೆ, ನಿನ್ನ ಮೇಡಂ ಮಿನಿಸ್ಟರ್ರಾ!" ಅಂತ ಸ್ಟೀರಿಂಗ್ ಮೇಲೆ ಒಂದು ಏಟು ಹಾಕಿದರು. ನಾನು ಅಳೋದೊಂದು ಬಾಕಿ, ಈ ಮನುಷ್ಯನಿಗೆ ಖುಷಿಯೋ ಖುಷಿ.

ಜನವರಿ 22, ಗುರುವಾರ

ಮೂರನೇ ಅಧ್ಯಾಯ ಕೆಂಪು ಇಂಕಿನಲ್ಲಿ ತೊಯ್ದು ವಾಪಸ್ ಬಂತು. ಹೊರಡೋರು ಸುಮ್ಮನೆ ಸೈ ಹಾಕಿ ಹೋಗಬಾರದಾ?

ನನ್ನ ಥೀಸಿಸ್ ಹುಣಸೂರು ತಾಲ್ಲೂಕಿನ ಶಾಲೆಗಳ ಹಾಜರಿ ಪುಸ್ತಕಗಳ ಮೇಲೆ. ಎಂಟನೇ ಕ್ಲಾಸಲ್ಲಿ ಇದ್ದ ಹುಡುಗಿಯ ಹೆಸರು ಒಂಬತ್ತರಲ್ಲಿ ಯಾಕಿಲ್ಲ, ಯಾವ ತಿಂಗಳಿಂದ ಇಲ್ಲ ಅಂತ. "ಪುಸ್ತಕದಲ್ಲಿ ಹೆಸರಿಲ್ಲದಿದ್ರೆ ಮಗು ಶಾಲೇಲಿಲ್ಲ ಅಂತ ಹೇಗೆ ಬರೀತೀಯ?" ಅಂತ ಮೇಡಂ ಇವತ್ತು ತಗಾದೆ ತೆಗೆದರು. ನಾನು ಬಿಡಲಿಲ್ಲ. "ಹಾಜರಿ ಇಲ್ಲದ ಶಾಲೆ ಅದ್ಯಾವ ಶಾಲೆ ಮೇಡಂ? ನಮ್ಮಲ್ಲಿ ಇನ್‌ಸ್ಪೆಕ್ಟರು ಬಂದರೆ ಮೊದಲು ಕೇಳೋದೇ ಅದನ್ನ" ಅಂದೆ.

ಆಗ ಹೇಳಿದರು. ಎಂಬತ್ತೆಂಟನೇ ಇಸವಿಯಲ್ಲಿ ಅವರ ಊರಿನ ಕಡೆ ಶಾಲೆಗಳನ್ನೆಲ್ಲ ಸೈನ್ಯ ಮುಚ್ಚಿಸಿತ್ತಂತೆ. ಇವರಿಗೆ ಇಪ್ಪತ್ತು ವರ್ಷ, ನಾಬ್ಲುಸ್ ಪಕ್ಕದ ಹಳ್ಳಿಯಲ್ಲಿ ಒಂದನೇ ಕ್ಲಾಸಿನ ಟೀಚರು. ಅತ್ತೆಯ ಅಡುಗೆಮನೆಯಲ್ಲಿ ಹದಿನಾಲ್ಕು ಮಕ್ಕಳನ್ನ ಕೂರಿಸಿ ಪಾಠ. ವಾರಕ್ಕೊಂದು ಮನೆ. ಆ ಪಾಠವೇ ಅಪರಾಧ. ಹಾಗಾಗಿ ಹಾಜರಿ ಬರೀಲಿಲ್ಲ; ಬರೆದ ಹೆಸರು ಯಾರ ಕೈಗೂ ಸಿಗಬಹುದು. ಒಂದು ದಿನ ಬಂದು ಹಿಡಿದರು, ಮಕ್ಕಳ ಪಟ್ಟಿ ಕೊಡು ಅಂದರು. ಪಟ್ಟಿಯೇ ಇಲ್ಲ. ಹದಿನೆಂಟು ದಿನ ಒಳಗಿಟ್ಟರಂತೆ. "ಹದಿನಾಲ್ಕೂ ಹೆಸರು ಈಗಲೂ ಬಾಯಿಪಾಠ" ಅಂದರು.

ಆಮೇಲೆ ಅವರು ಹೆಡ್‌ಮಿಸ್ಟ್ರೆಸ್ ಆದರು, ಟೀಚರ್ ಟ್ರೈನಿಂಗ್ ಕಾಲೇಜು ನಡೆಸಿದರು, ಪಠ್ಯಪುಸ್ತಕ ಬರೆದರು, ಡಾಕ್ಟರೇಟ್ ಮಾಡಿ ಎಂಟು ವರ್ಷದ ಹಿಂದೆ ಇಲ್ಲಿಗೆ ಬಂದರು. ಎಲ್ಲ ಕೇಳಿದೆ. ಕೇಳಿ ಕಣ್ಣಲ್ಲಿ ನೀರು ಬಂತು, ನಿಜ. ಆದರೂ ಕೆಂಪು ಇಂಕಿನ ಸಿಟ್ಟು ಇಳಿಯಲಿಲ್ಲ.

ಫೆಬ್ರವರಿ 8, ಭಾನುವಾರ

ನಾಚಿಕೆ, ಮಾನ, ಮರ್ಯಾದೆ ಏನಾದ್ರೂ ಇದೆಯಾ ಈ ಜನಕ್ಕೆ?

ಬೆಳಗ್ಗೆ ಟೀ ಕುಡೀತಾ ಫೋನ್ ತೆಗೆದರೆ ನಮ್ಮ ಮೈಸೂರು ಸೀಮೆ ಬಳಗದ ಗ್ರೂಪಿನಲ್ಲಿ ಒಂದು ಫ್ಲೆಕ್ಸು. ಊರಲ್ಲಿ ಯಾರಾದ್ರೂ ಗ್ರಾಮ ಪಂಚಾಯಿತಿ ಮೆಂಬರ್ ಆದ್ರೆ ಬಸ್ ಸ್ಟ್ಯಾಂಡಲ್ಲಿ ಕಟ್ತಾರಲ್ಲ, ಥೇಟ್ ಅದೇ. ಮೇಲೆ ಹಾರ್ದಿಕ ಅಭಿನಂದನೆಗಳು. ನಡುವೆ ವಿದಾದ್ ಮೇಡಂ ಫೋಟೋ, ಯೂನಿವರ್ಸಿಟಿ ವೆಬ್‌ಸೈಟಿನಿಂದ ಕತ್ತರಿಸಿದ್ದು, ತಲೆ ಸುತ್ತ ಹೊಳೆಯೋ ಚಕ್ರ ಬೇರೆ. ಹಿಂದೆ ದೀಪ ಹಾಕಿದ ಮೈಸೂರು ಅರಮನೆ. ಸುತ್ತ ಗುಲಾಬಿ. "ಶಿಕ್ಷಣ ಕ್ಷೇತ್ರದ ಧ್ರುವತಾರೆ, ಪ್ಯಾಲೆಸ್ಟೀನ್ ಸರ್ಕಾರದ ನೂತನ ಶಿಕ್ಷಣ ಸಚಿವೆ, ನಮ್ಮ ಯುಗಾದಿ–ಈದ್ ಮಿಲನದ ಮುಖ್ಯ ಅತಿಥಿ ಡಾ. ವಿದಾದ್ ಹಮ್ದಾನ್ ಅವರಿಗೆ." ಮಿನಿಸ್ಟರ್ ಅನ್ನೋದು ಇಂಗ್ಲಿಷಲ್ಲೂ, ದಪ್ಪ ಅಕ್ಷರದಲ್ಲಿ. ಕೆಳಗೆ "ಶುಭ ಕೋರುವವರು" ಅಂತ ಒಂಬತ್ತು ಮುಖ. ಮೊದಲನೇದು ಅಧ್ಯಕ್ಷರು ನಂಜುಂಡಸ್ವಾಮಿ ಅಂಕಲ್. ಮೂರನೇದು ನನ್ನ ಗಂಡ, ನಯಾಗರದಲ್ಲಿ ತೆಗೆಸಿಕೊಂಡ ಕೂಲಿಂಗ್ ಗ್ಲಾಸ್ ಫೋಟೋದಲ್ಲಿ.

"ಯಾರಿಗೂ ಹೇಳಬೇಡಿ ಅಂದಿದ್ದೆನಲ್ಲ?" ಅಂದೆ.

"ನಂಜುಂಡಸ್ವಾಮಿಗೆ ಮಾತ್ರ ಹೇಳಿದ್ದು. ಯಾರಿಗೂ ಹೇಳಬೇಡಿ ಅಂತ ಹೇಳೇ ಹೇಳಿದೆ" ಅಂದರು.

ಅಂಕಲ್‌ಗೆ ಫೋನ್ ಮಾಡಿದೆ. "ಸಂತೋಷದ ವಿಷಯ ಯಾಕಮ್ಮ ಮುಚ್ಚಿಡ್ಬೇಕು? ದೊಡ್ಡೋರನ್ನ ಕರೆದು ಶಾಲು ಹೊದಿಸೋದು ನಮ್ಮ ಪದ್ಧತಿ. ಊರಿಂದ ಮೈಸೂರು ಪೇಟ ತರಿಸ್ತಿದ್ದೀನಿ ಅವರಿಗೆ!" ಅಂದರು. ಅವರಿನ್ನೂ ಒಪ್ಪೇ ಇಲ್ಲ ಅಂಕಲ್ ಅಂದೆ. "ಒಪ್ತಾರೆ ಬಿಡಮ್ಮ. ಮಿನಿಸ್ಟರ್ ಪೋಸ್ಟ್ ಯಾರು ಬೇಡ ಅಂತಾರೆ?"

ಕಾರ್ಯದರ್ಶಿ ರಮ್ಯಶ್ರೀ ಆಗಲೇ ಬಳಗದ ಫೇಸ್‌ಬುಕ್ಕಿಗೂ ಹಾಕಿದ್ದಾಳೆ. ಇನ್ನೂರ ಹನ್ನೊಂದು ಲೈಕು.

ಫೆಬ್ರವರಿ 12, ಗುರುವಾರ

ಯುಸ್ರಾ ಸ್ಕೂಲಿಂದ ಬಂದವಳೇ ಫೋನ್ ಹಿಡಿದು ನಿಂತಳು. "ಅಮ್ಮಿ, ಈಸ್ ದಿಸ್ ಅಬ್ಬಾ?" ಹದಿನೇಳು ವರ್ಷದ ಮಗಳು, ಬ್ಯಾಗೂ ಇಳಿಸಿರಲಿಲ್ಲ.

ಪ್ರೊಫೆಸರುಗಳ ಬೆನ್ನು ಹತ್ತೋದೇ ಕಸುಬು ಮಾಡಿಕೊಂಡಿರೋ ಯಾವುದೋ ವೆಬ್‌ಸೈಟು. ಅದರಲ್ಲಿ ನಮ್ಮ ಫ್ಲೆಕ್ಸು, ಗುಲಾಬಿ ಸಮೇತ. ಕನ್ನಡವನ್ನ ಮಷೀನಿಗೆ ಹಾಕಿ ಅನುವಾದ ಮಾಡಿದ್ದಾರೆ. ಸಂಬಳ ಇಲ್ಲಿಯ ಸರ್ಕಾರದ್ದು, ಮಂತ್ರಿಗಿರಿ ಗುಟ್ಟಾಗಿ ಪರದೇಶದ್ದು ಅಂತ ತಲೆಬರಹ. ಹೊರಗಿನ ಹುದ್ದೆ ಮುಚ್ಚಿಟ್ಟಿದ್ದಾರೆ ಅಂತ ಯೂನಿವರ್ಸಿಟಿಗೆ ದೂರು ಹೋಗಿದೆಯಂತೆ. ಕೆಳಗೆ ಕಾಮೆಂಟುಗಳು. ಅವನ್ನ ಇಲ್ಲಿ ಬರೆದು ನನ್ನ ಪುಸ್ತಕ ಹೊಲಸು ಮಾಡಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಫೇಸ್‌ಬುಕ್ಕಲ್ಲಿ ಫ್ಲೆಕ್ಸು ಮಾಯ. ನಾಲ್ಕಕ್ಕೆ ಗ್ರೂಪಿನಿಂದ ನಂಜುಂಡಸ್ವಾಮಿ ಅಂಕಲ್ ಹೊರಹೋದರು. ಒಬ್ಬರ ಹಿಂದೆ ಒಬ್ಬರು ಆರು ಜನ. ಮೊನ್ನೆ ಲೈಕ್ ಹಾಕಿದ ಇನ್ನೂರ ಹನ್ನೊಂದು ಜನದಲ್ಲಿ ಒಬ್ಬರಾದರೂ ಆಕೆ ಹೇಗಿದ್ದಾರೆ ಅಂತ ಕೇಳಿದರಾ? ಫೋಟೋ ಹಾಕಿಸ್ಕೊಳ್ಳೋಕೆ ಮುಂದು, ಕಷ್ಟ ಬಂದರೆ ಪತ್ತೆ ಇಲ್ಲ. ಥೂ.

ಕರೀಂ ಊಟ ಮಾಡಲಿಲ್ಲ. ಮಾಡದಿದ್ದರೆ ಬಿಡ್ಲಿ.

ಫೆಬ್ರವರಿ 13, ಶುಕ್ರವಾರ

ಮೇಡಂ ಫೋನ್ ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ.

ಫೆಬ್ರವರಿ 20, ಶುಕ್ರವಾರ

ಮೂರನೇ ರೋಜಾ. ರೋಜಾ ಹಿಡಿದಾಗ ಸಿಟ್ಟು ಮಾಡ್ಕೋಬಾರದು. ಸರಿ, ಸೂರ್ಯ ಮುಳುಗಿದ ಮೇಲೆ ಬರೀತಿದ್ದೀನಿ, ಈಗ ಪರವಾಗಿಲ್ಲ.

ಮೇಡಂ ಸಿಕ್ಕರು. ರೂಮಲ್ಲಿ ಅರ್ಧ ಪುಸ್ತಕಗಳು ಆಗಲೇ ಪೆಟ್ಟಿಗೆಯಲ್ಲಿ. ಯೂನಿವರ್ಸಿಟಿ ತನಿಖೆಗೆ ಕರೆದಿದೆ. ಏಪ್ರಿಲ್ ಇಪ್ಪತ್ತರೊಳಗೆ ಬರೆದು ಕೊಡಬೇಕು, ಯಾವಾಗ ಹುದ್ದೆ ಒಪ್ಪಿಕೊಂಡೆ, ಯಾರಿಗೆಲ್ಲ ಹೇಳಿದೆ, ಇಲ್ಲಿ ಯಾಕೆ ಹೇಳಲಿಲ್ಲ ಅಂತ. ರಾಮಲ್ಲಾದವರೂ ಬೇಜಾರಾಗಿದ್ದಾರೆ. ನಾವು ಹೇಳೋ ಮೊದಲು ನ್ಯೂಜೆರ್ಸಿಯಲ್ಲಿ ಬ್ಯಾನರ್ ಹೇಗೆ ಬಂತು ಅಂತ ಕೇಳಿ, ಪ್ರಕಟಣೆ ಮುಂದಕ್ಕೆ ಹಾಕಿದ್ದಾರೆ. ಎರಡು ಕಡೆಯೂ ಮೇಡಂ ಕೆಟ್ಟವರಾದರು.

ಬೈತಾರೆ ಅಂತ ಕಾದೆ. ಬೈದಿದ್ರೆ ಕಾಲು ಹಿಡೀತಿದ್ದೆ. ಅವರು ಕೇಳಿದ್ದು, "ನಾಲ್ಕನೇ ಅಧ್ಯಾಯ ಎಲ್ಲಿಗೆ ಬಂತು?"

ಅದು ಹೇಗೆ ಹೊರಗೆ ಬಿತ್ತು ಅಂತ ಒಂದು ಮಾತು ಕೇಳಲಿಲ್ಲ. ಬಾಗಿಲು ಹಾಕಿ ಹೇಳಿದ್ದು ನನಗೊಬ್ಬಳಿಗೇ. ಗೊತ್ತಿರಲ್ವಾ? ಗೊತ್ತಿದ್ದೂ ಕೇಳದೆ ಇರೋರನ್ನ ಕಂಡ್ರೆ ನನಗೆ ತಲೆ ಕೆಡುತ್ತೆ. ಅಧ್ಯಾಯ ಅವರ ಟೇಬಲ್ ಮೇಲೆ ಕುಕ್ಕಿ ಬಂದೆ.

ಮಾರ್ಚ್ 3, ಮಂಗಳವಾರ

ಇಫ್ತಾರ್ ಆದಮೇಲೆ ಜಗಳ. ದೊಡ್ಡ ಜಗಳ.

"ತನಿಖೆಯೋರಿಗೆ ನಾನು ನಿಜ ಹೇಳ್ತೀನಿ" ಅಂದೆ. ಕರೀಂ ಖರ್ಜೂರದ ಬೀಜ ತಟ್ಟೆಗೆ ಹಾಕಿ, "ನಿನಗೆ ಹುಚ್ಚಾ?" ಅಂದರು. ನಮ್ಮ ವೀಸಾ ಅಟಾರ್ನಿ ಹೇಳಿದ್ದಾನಂತೆ, ಇಂಥದ್ದರಲ್ಲಿ ಎಲ್ಲೂ ನಿಮ್ಮ ಹೆಸರು ಬರದ ಹಾಗೆ ನೋಡ್ಕೊಳ್ಳಿ ಅಂತ. ಗ್ರೀನ್ ಕಾರ್ಡ್ ಸಾಲಿನಲ್ಲಿ ಹನ್ನೆರಡು ವರ್ಷ ನಿಂತಿದ್ದೀವಿ. ನಾಲ್ಕು ವರ್ಷಕ್ಕೆ ಯುಸ್ರಾಗೆ ಇಪ್ಪತ್ತೊಂದು ತುಂಬುತ್ತೆ, ತುಂಬಿದರೆ ನಮ್ಮ ಅರ್ಜಿಯಿಂದ ಅವಳ ಹೆಸರು ಹೋಗುತ್ತೆ. "ಮಗಳ ಮೇಲೆ ಕಲ್ಲು ಹಾಕ್ತೀಯಾ? ಅದೂ ಯಾರಿಗೋಸ್ಕರ? ಅವರು ಮಿನಿಸ್ಟರ್ ಆಗಿ ಹೋಗ್ತಾರೆ, ನಾವಿಲ್ಲೇ ಇರ್ಬೇಕು."

ಅವರು ಹೇಳಿದ್ದು ತಪ್ಪಲ್ಲ. ಅದಕ್ಕೇ ಇನ್ನೂ ಜೋರಾಗಿ ಕಿರುಚಿದೆ. ನೀವೇ ಹೇಳಿದ್ದು, ನಿಮ್ಮಿಂದಲೇ ಆಗಿದ್ದು ಅಂತ. ಪಾಪ, ಎದ್ದು ಹೋದರು.

ಈ ಮನೇಲಿ ಕನ್ನಡ ಓದೋಕೆ ಬರೋದು ನನಗೊಬ್ಬಳಿಗೇ. ಇವರು ಓದಿದ್ದು ಉರ್ದು ಮೀಡಿಯಂ, ಯುಸ್ರಾಗೆ ಅಕ್ಷರವೇ ಬರಲ್ಲ. ಹಾಗಿದ್ದೂ ನಾನಿಲ್ಲಿ ಸುಳ್ಳು ಬರೆದಿದ್ದೀನಿ. ಫೆಬ್ರವರಿ ಎಂಟರಂದು ಫ್ಲೆಕ್ಸು ನೋಡಿ ಬೆಚ್ಚಿಬಿದ್ದೆ ಅನ್ನೋ ಹಾಗೆ ಬರೆದೆ. ನಾನದನ್ನ ಎರಡು ದಿನ ಮೊದಲೇ ನೋಡಿದ್ದೆ. ರಮ್ಯಶ್ರೀ ಕಳಿಸಿದ್ದಳು: "ಅಕ್ಕ, ನೀವು ಕನ್ನಡ ಟೀಚರ್ ಅಲ್ವಾ, ಒಂದ್ಸಲ ಪ್ರೂಫ್ ನೋಡಿಕೊಡಿ. ಸರ್‌ಪ್ರೈಸ್, ಆಮೇಲೆ ಹಾಕ್ತೀವಿ" ಅಂತ. ಹಾಕಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮೂರು ತಪ್ಪು ತಿದ್ದಿದೆ. "ಧ್ರುವತಾರೆ" ಅನ್ನೋದು ಅವಳ ಮಾತಲ್ಲ, ನಾನೇ ಸೇರಿಸಿದ್ದು. ನನ್ನ ಗೈಡು ಮಂತ್ರಿ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅನ್ನೋ ಆಸೆ. ಇಷ್ಟು ವರ್ಷ ಇಲ್ಲಿ ಬರೀ ಕರೀಂ ಹೆಂಡತಿ ಆಗಿದ್ದೆನಲ್ಲ.

ಬರೆದಾಯ್ತು. ಹಗುರವೇನೂ ಆಗಲಿಲ್ಲ.

ಮಾರ್ಚ್ 20, ಶುಕ್ರವಾರ

ಈದ್. ಮೇಡಂ ಪ್ರತಿ ವರ್ಷ ನಮ್ಮ ಮನೆಗೆ ಬರ್ತಿದ್ದರು, ಶೀರ್ ಖುರ್ಮಾ ಎರಡು ಬಟ್ಟಲು ಕುಡಿದು ರೆಸಿಪಿ ಕೇಳ್ತಿದ್ದರು. ಈ ಸಲ ಕರೆಯಬೇಡ ಅಂದರು ಕರೀಂ. ಕರೆದೆ. ಅವರೇ ಬರಲಿಲ್ಲ. "ನಿಮ್ಮ ಮನೆ ಮುಂದೆ ನನ್ನ ಕಾರು ನಿಲ್ಲೋದು ಬೇಡ" ಅಂತ ಮೆಸೇಜ್ ಮಾಡಿದರು.

ಮಾರ್ಚ್ 29, ಭಾನುವಾರ

ಯುಗಾದಿ–ಈದ್ ಮಿಲನ, ಹಿಲ್ಸ್‌ಬರೋದ ಬಾಡಿಗೆ ಹಾಲಿನಲ್ಲಿ. ಹೋಗಲ್ಲ ಅಂದೆ. ಹೋಗದಿದ್ರೆ ಜನ ಮಾತಾಡ್ತಾರೆ ಅಂದರು ಇವರು. ಹೋದೆ.

ಒಬ್ಬಟ್ಟು ಒಂದು ಕಡೆ, ಬಿರಿಯಾನಿ ಒಂದು ಕಡೆ. ಎಲ್ಲರೂ ನಗ್ತಾ ಇದ್ದರು. ವಿದಾದ್ ಮೇಡಂ ಅನ್ನೋ ಹೆಂಗಸು ಈ ಭೂಮಿ ಮೇಲೆ ಹುಟ್ಟೇ ಇಲ್ಲ ಅನ್ನೋ ಹಾಗೆ. ಮಕ್ಕಳ ಡ್ಯಾನ್ಸ್ ಆಯ್ತು, ಆಮೇಲೆ ಸನ್ಮಾನ. ತಟ್ಟೇಲಿ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಯಾರಿಗೆ? ಊಟ ಸ್ಪಾನ್ಸರ್ ಮಾಡಿದ ಅರವಿಂದ್‌ಗೆ. ಮನೆ ಮಾರಿಸೋ ಬ್ರೋಕರು. ಪಾಪದ ಮನುಷ್ಯ, ಅವನ ತಪ್ಪೇನಿಲ್ಲ. ಆದರೆ ಪೇಟ ಅವನ ತಲೆ ಮೇಲೆ ಬಿಗಿಯಾಗಿ ಕೂತಿತ್ತು, ಹಿಂದಿನಿಂದ ರಮ್ಯಶ್ರೀ ಒತ್ತುತ್ತಿದ್ದಳು. ಹೆಂಗಸಿನ ತಲೆಗೆ ಅಂತ ಅಳತೆ ಹೇಳಿ ತರಿಸಿದ್ದಲ್ಲವಾ.

ಎರಡನೇ ಸಾಲಿನಿಂದ ಎದ್ದು ನಿಂತೆ. "ಅಂಕಲ್, ಈ ಪೇಟ ಯಾರಿಗೆ ಅಂತ ತರಿಸಿದ್ರಿ?"

ಮೈಕ್ ಹಿಡಿದಿದ್ದ ನಂಜುಂಡಸ್ವಾಮಿ ಅಂಕಲ್ ಮುಖ ಬಿಳಿಚಿಕೊಂಡಿತು. "ನೋಡಮ್ಮ, ಹಬ್ಬದ ದಿನ. ವಿವಾದ ಬೇಡ. ಊಟಕ್ಕೆ ಹೊತ್ತಾಯ್ತು."

"ವಿವಾದ ನಾವು ಮಾಡಿದ್ದು. ಅನುಭವಿಸ್ತಿರೋದು ಅವರು. ಒಂದು ಫೋನ್ ಮಾಡಿದ್ರಾ ಅವರಿಗೆ? ಇಲ್ಲಿ ಇರೋ ಒಬ್ಬರಾದ್ರೂ?"

ಕರೀಂ ನನ್ನ ಸೆರಗು ಎಳೀತಿದ್ದರು. ಅಂಕಲ್ ಮೈಕ್ ಆಫ್ ಮಾಡಿ ಕೆಳಗೆ ಬಂದು, ಮೆಲ್ಲಗೆ, "ನಮಗೂ ಮಕ್ಕಳಿದ್ದಾರಮ್ಮ. ನನ್ನ ಮಗ ಹರ್ಷನ ವೀಸಾ ರಿನ್ಯೂವಲ್ ಇದೆ" ಅಂದರು. ಎಪ್ಪತ್ತು ವರ್ಷದ ಮನುಷ್ಯನ ಕಣ್ಣಲ್ಲಿ ನೀರು. ಅದನ್ನ ನೋಡಿ ನನಗೆ ಇನ್ನೂ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಕೀ ತಗೊಂಡು ಬಂದುಬಿಟ್ಟೆ. 206ನೇ ಹೈವೇಲಿ ಒಬ್ಬ ಹಾರ್ನ್ ಹೊಡೆದ, 287ರಲ್ಲಿ ಇನ್ನೊಬ್ಬ. ಹೊಡ್ಕೊಳ್ಲಿ. ಇವರು ಯಾರದೋ ಕಾರಲ್ಲಿ ಸಂಜೆ ಬಂದರು, ಬಿರಿಯಾನಿ ಕಟ್ಟಿಸ್ಕೊಂಡು.

ಏಪ್ರಿಲ್ 2, ಗುರುವಾರ

ಕಾಗದ ಬರೆದೆ. ಮೊದಲು ನಾಲ್ಕು ಪುಟ ಆಯ್ತು. ಫ್ಲೆಕ್ಸಿನ ಒಂಬತ್ತು ಹೆಸರೂ, ಯಾರು ಎಷ್ಟು ಗಂಟೆಗೆ ಗ್ರೂಪ್ ಬಿಟ್ಟರು ಅನ್ನೋದೂ. ಓದಿದರೆ ಪಕ್ಕದ ಮನೆಯವರ ಮೇಲೆ ಸ್ಟೇಷನ್ನಿಗೆ ಕೊಟ್ಟ ದೂರಿನ ಹಾಗಿತ್ತು. ಹರಿದೆ. ಮತ್ತೆ ಬರೆದೆ. ಇಂಗ್ಲಿಷಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು:

"ಜನವರಿ 14ರಂದು ಪ್ರೊಫೆಸರ್ ಹಮ್ದಾನ್ ನನಗೆ ಹೇಳಿದ್ದು, ತಮಗೆ ಆಹ್ವಾನ ಬಂದಿದೆ, ಇನ್ನೂ ಒಪ್ಪಿಲ್ಲ ಎಂದು. ಗುಟ್ಟಾಗಿಡು ಎಂದರು. ನಾನು ಇಡಲಿಲ್ಲ. ಫೆಬ್ರವರಿಯ ಪೋಸ್ಟರಿನಲ್ಲಿ ಅವರನ್ನು ನೂತನ ಸಚಿವೆ ಎಂದು ಕರೆದದ್ದು ಸುಳ್ಳು. ಅದರ ಮಾತುಗಳನ್ನು ತಿದ್ದಿದವಳು ನಾನು. ಸುಳ್ಳೆಂದು ತಿಳಿದೂ ತಿದ್ದಿದೆ. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಲು ಇನ್ನೂ ಏನೂ ಆಗಿರಲಿಲ್ಲ."

ಕೆಳಗೆ ಸೈ. ಕರೀಂಗೆ ಹೇಳಲಿಲ್ಲ. ಹೇಳೋದು ಮರೆತೆ ಅಂತಲ್ಲ.

ಏಪ್ರಿಲ್ 6, ಸೋಮವಾರ

ನನಗೆ ಇವತ್ತು ಯಾರನ್ನಾದರೂ ಹೊಡೆಯಬೇಕು ಅನಿಸ್ತಿದೆ.

ಕಾಗದ ಮೇಡಂ ಕೈಗೆ ಕೊಟ್ಟೆ, ನಿಮ್ಮ ಉತ್ತರದ ಜೊತೆ ಸೇರಿಸಿ ಅಂತ. ಕನ್ನಡಕ ಹಾಕಿ ಓದಿದರು. ಮಡಚಿ ನನ್ನ ಕೈಗೇ ವಾಪಸ್ ಇಟ್ಟರು.

"ಬೇಡ. ನಾನು ಇವತ್ತು ಬೆಳಗ್ಗೆ ರಾಜೀನಾಮೆ ಕೊಟ್ಟೆ. ರಾಮಲ್ಲಾದವರು ಮತ್ತೆ ಕೇಳಿದರು, ಹೂಂ ಅಂದೆ. ನಿಮ್ಮ ಪೋಸ್ಟರಿಗೆ ಅಷ್ಟೊಂದು ಗುಲಾಬಿ ಹಾಕಿದ್ದಿರಿ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ನಗು ಬರಲಿಲ್ಲ ನನಗೆ. "ತನಿಖೆ?" ಅಂದೆ.

"ತನಿಖೆ ಬಾಕಿ ಇರುವಾಗ ರಾಜೀನಾಮೆ ಅಂತ ಬರ್ಕೋತಾರೆ. ಬರ್ಕೊಳ್ಲಿ."

"ಅಂದ್ರೆ ಹೆದರಿ ಓಡಿದ ಹಾಗೆ. ಎಂಟು ವರ್ಷ ಪಾಠ ಮಾಡಿದ ಕಡೆ ನಿಮ್ಮ ಹೆಸರಿನ ಮುಂದೆ ಅದೇ ಇರುತ್ತೆ. ಈ ಕಾಗದ ಕೊಟ್ಟರೆ ಇರಲ್ಲ."

"ಈ ಕಾಗದ ಕೊಟ್ಟರೆ ನಿನ್ನ ಹೆಸರು ಇರುತ್ತೆ. ಮೂವತ್ತೆಂಟು ವರ್ಷದಲ್ಲಿ ಯಾವ ಆಫೀಸಿಗೂ ನಾನು ವಿದ್ಯಾರ್ಥಿಯ ಹೆಸರು ಕೊಟ್ಟಿಲ್ಲ, ಸಯೀದಾ. ಈಗ ಶುರು ಮಾಡಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಆ ಮಕ್ಕಳಿಗೆ ಏಳು ವರ್ಷ ಮೇಡಂ! ನನಗೆ ನಲವತ್ತಾರು! ಅವರ ಪರವಾಗಿ ನೀವು ಬಾಯಿ ಮುಚ್ಚಿದ್ರಿ, ಸರಿ. ನನ್ನ ಪರವಾಗಿ ಯಾಕೆ ಮುಚ್ಚುತ್ತೀರಿ? ನಾನು ಕೇಳಿದ್ನಾ? ಮನೇಲಿ ಗಂಡ ತೀರ್ಮಾನ ಮಾಡ್ತಾರೆ, ಬಳಗದಲ್ಲಿ ಅಂಕಲ್ ಮಾಡ್ತಾರೆ, ಈಗ ನೀವೂನಾ?"

ಗುರುಗಳ ಮುಂದೆ ನಾನು ಹಾಗೆ ಯಾವತ್ತೂ ಮಾತಾಡಿದವಳಲ್ಲ. ಮೇಡಂ ಎದ್ದು ತಬ್ಬಿಕೊಂಡರು. ನಾನು ಕಡ್ಡಿ ಹಾಗೆ ನಿಂತಿದ್ದೆ, ತಬ್ಬಲಿಲ್ಲ. ಈಗ ಅದಕ್ಕೂ ಸಂಕಟವಾಗ್ತಿದೆ.

ಏಪ್ರಿಲ್ 18, ಶನಿವಾರ

ಮೇಡಂ ಹೊರಟರು. ನ್ಯೂವಾರ್ಕ್ ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ, ಎರಡು ಸೂಟ್‌ಕೇಸು, ಒಂದು ಪುಸ್ತಕದ ಪೆಟ್ಟಿಗೆ. ದಾರಿಯುದ್ದಕ್ಕೂ ನಾಲ್ಕನೇ ಅಧ್ಯಾಯದ ಬಗ್ಗೆಯೇ ಮಾತಾಡಿದರು. ಕಾಗದದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊಸ ಗೈಡು 'ಹುಣಸೂರು' ಅನ್ನೋದನ್ನ ಹುಡುಗನ ಹೆಸರು ಅಂದುಕೊಂಡಿದ್ದಾನೆ.

ಮೇ 5, ಮಂಗಳವಾರ

ಪ್ರಮಾಣವಚನ ಆಯ್ತು. ತಿಂಡಿ ಹೊತ್ತಿಗೆ ಫೋನಿನಲ್ಲಿ ನೋಡಿದೆ. ಯುಸ್ರಾ ಹೆಗಲ ಮೇಲಿಂದ ಬಗ್ಗಿ, "ಶೀ ಲುಕ್ಸ್ ಸೋ ಟಯರ್ಡ್, ಅಮ್ಮಿ" ಅಂದಳು. ಹೌದು, ಸುಸ್ತಾಗಿದ್ದರು. ಆದರೂ ದನಿ ಕ್ಲಾಸಿನದೇ ದನಿ. ಕೂತು ಅತ್ತೆ. ದೋಸೆ ಸೀದುಹೋಯ್ತು.

ಹತ್ತು ಗಂಟೆಗೆ ಆ ದರಿದ್ರ ವೆಬ್‌ಸೈಟು ಹಾಕಿತು: ತನಿಖೆಗೆ ಹೆದರಿ ಓಡಿದ ಪ್ರೊಫೆಸರ್ ಈಗ ಮಂತ್ರಿ.

ಹನ್ನೊಂದಕ್ಕೆ ಬಳಗದ ಹೊಸ ಗ್ರೂಪು. ಅದೇ ಫ್ಲೆಕ್ಸು! ಅದೇ ಅರಮನೆ, ಅದೇ ಗುಲಾಬಿ. "ನಮ್ಮ ಬಳಗದ ಆತ್ಮೀಯರು ಈಗ ಅಧಿಕೃತವಾಗಿ ಸಚಿವೆ! ಹೆಮ್ಮೆಯ ಕ್ಷಣ." ಕೆಳಗಿನ ಮುಖ ಮಾತ್ರ ಈ ಸಲ ಇಲ್ಲ, "ಬಳಗದ ಸಮಸ್ತರು" ಅಂತ ಅಷ್ಟೇ. ಜಾಣರು. ಧ್ರುವತಾರೆ ಹಾಗೇ ಇದೆ. ಫೋನ್ ಕೈಜಾರಿ ಸಿಂಕಿನೊಳಗೆ ಬಿತ್ತು.

"ನೋಡು, ಎಲ್ಲ ಒಳ್ಳೇದೇ ಆಯ್ತಲ್ಲ ಕೊನೆಗೆ" ಅಂದರು ಕರೀಂ, ಸಂಜೆ.

ನಾನು ಒಳಗೆ ಹೋಗಿ ಆ ಕಾಗದ ಹುಡುಕಿ ತೆಗೆದಿಟ್ಟೆ.

ಮೇ 7, ಗುರುವಾರ

ಹತ್ತೂವರೆಗೆ ತನಿಖೆಯವರ ಆಫೀಸಿಗೆ ಹೋದೆ. ಮೂರನೇ ಮಹಡಿ. ಕೌಂಟರಿನಲ್ಲಿ ನನ್ನ ವಯಸ್ಸಿನ ಹೆಂಗಸು, ಮುಂದೆ ಅರ್ಧ ತಿಂದ ಬೇಗಲ್. ಕಾಗದ ಕೊಟ್ಟೆ. ಓದಿ, ಕಂಪ್ಯೂಟರ್ ನೋಡಿದಳು.

"ಈ ಕೇಸ್ ಕ್ಲೋಸ್ ಆಗಿದೆಯಲ್ಲ. ಅವರು ರಿಸೈನ್ ಮಾಡಿದ್ದಾರೆ."

"ಫೈಲ್ ಇದೆಯಾ?"

"ಫೈಲ್ ಇರುತ್ತೆ."

"ಅದರೊಳಗೆ ಇದನ್ನ ಹಾಕಿ."

ಬೇಗಲ್ ಪಕ್ಕಕ್ಕೆ ಸರಿಸಿ ನನ್ನನ್ನ ಸರಿಯಾಗಿ ನೋಡಿದಳು. ದನಿ ಇಳಿಸಿ, "ಮ್ಯಾಮ್, ಹಾಕಿದರೆ ನಿಮ್ಮ ಹೆಸರು ರೆಕಾರ್ಡಿಗೆ ಹೋಗುತ್ತೆ. ಯಾರಾದರೂ ಕೇಳಿದರೆ ಕೊಡಬೇಕಾಗಬಹುದು. ಈಗ ಇದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನೀವು ಯೋಚನೆ ಮಾಡಿದ್ದೀರಾ?" ಅಂದಳು. ಒಳ್ಳೆಯವಳು.

"ಮಾಡಿದ್ದೀನಿ."

"ಇನ್ನೂ ಯಾರಾದರೂ ಇದ್ದರಾ ಇದರಲ್ಲಿ?"

"ನಾನು ಬರೆದಿರೋದು ನನ್ನ ವಿಷಯ" ಅಂದೆ.

ಎರಡನೇ ಪ್ರತಿ ಮುಂದಿಟ್ಟು, ಇದರ ಮೇಲೆ ಸೀಲ್ ಹಾಕಿ ಕೊಡಿ ಅಂದೆ. ಸೀಲ್ ಅಂದರೇನು ಅಂತ ಅವಳಿಗೆ ಗೊತ್ತಾಗಲಿಲ್ಲ. ಹನ್ನೆರಡು ವರ್ಷ ಸರ್ಕಾರಿ ಕೆಲಸ ಮಾಡಿದ್ದೀನಿ, ಬಿಇಒ ಆಫೀಸಿಗೆ ಒಂದು ರಜಾ ಚೀಟಿ ಕೊಟ್ಟರೂ ನನ್ನ ಪ್ರತಿ ಮೇಲೆ ಸೀಲಿಲ್ಲದೆ ಮೆಟ್ಟಿಲು ಇಳಿದವಳಲ್ಲ. ಕೊಟ್ಟಿದ್ದೇ ಇಲ್ಲ ಅಂದುಬಿಟ್ಟರೆ? ಇಮೇಲ್ ಬರುತ್ತೆ ಅಂದಳು. ಬೇಡ, ಇಲ್ಲೇ ಬರೆದುಕೊಡಿ ಅಂತ ನಿಂತೆ. ಹಿಂದೆ ಮೂರು ಜನ ಕ್ಯೂ. ನಿಂತೇ ಇದ್ದೆ. ಕೊನೆಗೆ ಪೆನ್ ತಗೊಂಡು 'ತಲುಪಿದೆ' ಅಂತ ಇಂಗ್ಲಿಷಲ್ಲಿ ಬರೆದು, ತಾರೀಕು, ಟೈಮು ಹಾಕಿ, ಸೈ ಮಾಡಿದಳು.

ಸಂಜೆ ಆ ಪ್ರತಿಯನ್ನ ಊಟದ ಟೇಬಲ್ ಮೇಲೆ ಕರೀಂ ಮುಂದಿಟ್ಟೆ. ಎರಡು ಸಲ ಓದಿದರು. ಕಿರುಚುತ್ತಾರೆ ಅಂದುಕೊಂಡೆ, ಕಿರುಚಲಿಲ್ಲ. ಬೆರಳಿಟ್ಟು ಸಾಲು ಸಾಲು ಹುಡುಕಿದರು.

"ನನ್ನ ಹೆಸರಿಲ್ಲ" ಅಂದರು.

"ಇಲ್ಲ."

"ನಂಜುಂಡಸ್ವಾಮಿದೂ ಇಲ್ಲ. ಯಾರದೂ ಇಲ್ಲ. ಯಾಕೆ?"

"ನಿಮ್ಮದು ನೀವು ಬರೀಬೇಕು" ಅಂದೆ.

ಅಕ್ಕಿ ತೊಳೆದು ಕುಕ್ಕರಿಗಿಟ್ಟು ಇದನ್ನ ಬರೆಯೋಕೆ ಕೂತಿದ್ದೀನಿ. ಅವರಿನ್ನೂ ಟೇಬಲ್ ಹತ್ತಿರವೇ ಇದ್ದಾರೆ. ಈಗಷ್ಟೇ ಯುಸ್ರಾನ ಕರೆದು ಒಂದು ಪೆನ್ ಕೇಳಿದರು.